ಪಾಲು ಬಿಟ್ಟರೂ ಸಾಲ ಬಿಡದು

ಮಳೆ ಹಿಡಿದ ಜೂನ್ ತಿಂಗಳ ಒಂದು ಬೆಳಿಗ್ಗೆ ಮಲ್ಪೆ ಕಡೆಯ ಅಕ್ಕ ಒಬ್ಬರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಛಾಪಾ ಕಾಗದ. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು.

‘ಇದಕ್ಕೆ ಸಹಿ ಹಾಕಬಹುದಾ ಅಂತ ಒಮ್ಮೆ ನೋಡಿ ಹೇಳಿ ಮೇಡಂ. ನಾಳೆ ಅವರು ಬರ್ತಾರೆ’ ಅಂದರು.

ಅವರು ಅಂದರೆ ಗಂಡನ ಜತೆ ಬೋಟು ಮಾಡಿದ್ದ ಮೂವರು ಸ್ನೇಹಿತರು. ನಾಲ್ವರು ಸೇರಿ ಹನ್ನೆರಡು ವರ್ಷದ ಹಿಂದೆ ಒಂದು ಪರ್ಸೀನ್ ಬೋಟು ಹಾಕಿದ್ದರು. ತಲಾ ಕಾಲು ಪಾಲು. ಈ ಅಕ್ಕನ ಬಳೆ, ಸರವೂ ಅದರೊಳಗೆ ಸೇರಿತ್ತು. ಈಗ ಕಾಗದದಲ್ಲಿ ಬರೆದಿದ್ದು ಇಷ್ಟೇ: ‘ಎರಡು ಲಕ್ಷ ರೂಪಾಯಿ ಪೂರ್ತಿ ಪಾವತಿಯಾಗಿದೆ. ಇನ್ನು ಮುಂದೆ ಬೋಟು, ಬಲೆ, ಇಂಜಿನ್ ಅಥವಾ ಸಂಸ್ಥೆಯ ಮೇಲೆ ನನಗಾಗಲಿ ನನ್ನ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲ.’

‘ಬೋಟಿಗೆ ಈಗ ಎಷ್ಟು ಬೆಲೆ ಬರ್ತದೆ?’ ಕೇಳಿದೆ.

‘ಗೊತ್ತಿಲ್ಲ.’

‘ಸಾಲ ಎಷ್ಟುಂಟು?’

‘ಅದೂ ಗೊತ್ತಿಲ್ಲ. ಎಲ್ಲ ಅವರೇ ನೋಡಿಕೊಳ್ತಿದ್ದದ್ದು.’

‘ಬ್ಯಾಂಕಿನಲ್ಲಿ ನೀವು ಸಹಿ ಹಾಕಿದ್ದುಂಟಾ?’

‘ಹಾಕಿದ್ದೇನೆ. ಜಾಮೀನಿಗೆ. ನಾವು ನಾಲ್ಕು ಹೆಂಗಸರೂ ಹಾಕಿದ್ದೆವು.’

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಒಂದು ಪ್ರಶ್ನೆ ಕೇಳಿದರು. ‘ಸಹಿ ಹಾಕದೆ ಲೆಕ್ಕ ಕೇಳಿದರೆ ಅವರನ್ನು ಕಳ್ಳರು ಅಂದ ಹಾಗೆ ಆಗುದಿಲ್ವಾ? ನಮ್ಮವರಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ರಾತ್ರಿ ಹಗಲು ಓಡಾಡಿದವರು ಅವರೇ.’

ಈ ಅಂಕಣ ಬರೆಯಲು ಕೂತಿದ್ದು ಆ ಪ್ರಶ್ನೆಗೋಸ್ಕರ. ಕಾನೂನು ಆಮೇಲೆ ಬರಲಿ. ಲೆಕ್ಕ ಕೇಳಿದರೆ ಸ್ನೇಹಕ್ಕೆ ಧಕ್ಕೆ ಅನ್ನುವ ಈ ಅಂಜಿಕೆಯೇ ನಮ್ಮ ಕರಾವಳಿಯ ಎಷ್ಟೋ ಮನೆಗಳನ್ನು ಮುಳುಗಿಸಿದೆ.

ಸಹಿಗೆ ಬೇಕು, ಲೆಕ್ಕಕ್ಕೆ ಬೇಡ

ಮಲ್ಪೆ ಬಂದರಿಗೆ ಬೆಳಗಿನ ಹೊತ್ತು ಹೋಗಿ ನೋಡಿ. ಏಲಂ ಕೂಗುವಾಗ ಬುಟ್ಟಿಯ ಬಂಗುಡೆಗೆ ಎಷ್ಟು ಹಾಕಬೇಕು, ಐಸಿಗೆಷ್ಟು, ರಿಕ್ಷಾಕ್ಕೆಷ್ಟು, ಉಡುಪಿ ಮಾರ್ಕೆಟಿನಲ್ಲಿ ಎಷ್ಟಕ್ಕೆ ಹೋಗಬಹುದು ಅಂತ ನಮ್ಮ ಹೆಂಗಸರು ಕಣ್ಣು ಮಿಟುಕಿಸುವುದರೊಳಗೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲ ಅಂತ ಹೇಳುವವರು ಯಾರೂ ಇಲ್ಲ. ಆದರೆ ಅದೇ ಹೆಂಗಸು ಮನೆಗೆ ಬಂದರೆ ಬೋಟಿನ ಪುಸ್ತಕ ಅವಳಿಗೆ ತೋರಿಸುವ ರೂಢಿ ಇಲ್ಲ. ಅವಳ ಚಿನ್ನ ಬೇಕು. ಬ್ಯಾಂಕಿನ ಅರ್ಜಿಯಲ್ಲಿ ಅವಳ ಸಹಿ ಬೇಕು. ವರ್ಷದ ಲೆಕ್ಕಕ್ಕೆ ಕೂರುವಾಗ ಮಾತ್ರ ಅವಳು ಒಳಗೆ ಚಹಾ ಮಾಡುತ್ತಿರಬೇಕು!

ಇದು ಬೋಟಿನ ಕತೆ ಮಾತ್ರ ಅಲ್ಲ. ಐಸ್ ಪ್ಲಾಂಟು, ಒಣಮೀನಿನ ವ್ಯಾಪಾರ, ಮಣಿಪಾಲದ ಜೆರಾಕ್ಸ್ ಅಂಗಡಿ, ಕಾರ್ಕಳದ ಗೇರುಬೀಜ ಕಾರ್ಖಾನೆ, ಮುಂಬಯಿಯಲ್ಲಿ ನಮ್ಮೂರಿನವರು ಸೇರಿ ಹಾಕಿದ ಹೋಟೆಲು, ಎಲ್ಲ ಕಡೆ ಇದೇ. ಕೂಡುವಾಗ ದೇವರ ಮುಂದೆ ಕಾಯಿ ಒಡೆದು ಕೂಡುತ್ತೇವೆ. ಬಿಡುವ ದಿನ ಬಂದರೆ ಹೇಗೆ ಅಂತ ಆವತ್ತು ಮಾತೆತ್ತಿದರೆ ‘ಅಪಶಕುನ ನುಡಿಯಬೇಡ ಮಾರಾಯ್ತಿ’ ಅನ್ನುತ್ತೇವೆ. ಆದರೆ ಬಿಡುವ ದಿನ ಬಂದೇ ಬರುತ್ತದೆ. ಒಬ್ಬರಿಗೆ ವಯಸ್ಸಾಗುತ್ತದೆ, ಒಬ್ಬರು ಗಲ್ಫಿಗೆ ಹೋಗುತ್ತಾರೆ, ಒಬ್ಬರಿಗೆ ಮನಸ್ತಾಪ, ಒಬ್ಬರು ತೀರಿಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಇದಕ್ಕೆ ಇರುವುದು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ. ಹಳೆಯದಾದರೂ ಇವತ್ತಿಗೂ ನಡೆಯುತ್ತಿರುವುದು ಅದೇ. ಅದರಲ್ಲಿ ಹೆಂಗಸರು ಗೊತ್ತುಮಾಡಿಕೊಳ್ಳಲೇಬೇಕಾದ ಕೆಲವು ಸಂಗತಿಗಳಿವೆ.

ಪಾಲುದಾರರಲ್ಲಿ ಒಬ್ಬರು ತೀರಿಕೊಂಡರೆ, ಪಾಲುದಾರಿಕೆ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಂಸ್ಥೆ ಅಲ್ಲಿಗೆ ವಿಸರ್ಜನೆಯಾದ ಹಾಗೆ (ಕಲಂ 42). ಇಬ್ಬರೇ ಪಾಲುದಾರರಿದ್ದು ಒಬ್ಬರು ಹೋದರಂತೂ ಪತ್ರದಲ್ಲಿ ಏನೇ ಬರೆದಿರಲಿ, ಸಂಸ್ಥೆ ಉಳಿಯುವುದಿಲ್ಲ. ಒಬ್ಬನೇ ಪಾಲುದಾರಿಕೆ ನಡೆಸುವುದು ಹೇಗೆ? ಹೆಂಡತಿ, ಮಕ್ಕಳು ತಾವಾಗಿಯೇ ಪಾಲುದಾರರಾಗಿ ಬಿಡುವುದೂ ಇಲ್ಲ. ಅದಕ್ಕೆ ಉಳಿದವರ ಒಪ್ಪಿಗೆ ಬೇಕು. ಆದರೆ ತೀರಿಕೊಂಡವರ ಪಾಲಿನ ಬೆಲೆ ಮಾತ್ರ ಅವರ ವಾರಸುದಾರರಿಗೇ ಸೇರಬೇಕು. ಹಿಂದೂ ಕುಟುಂಬದಲ್ಲಿ ವಿಲ್ ಬರೆದಿಲ್ಲದಿದ್ದರೆ ಗಂಡಸಿನ ಸ್ವಂತ ಸಂಪಾದನೆಯಲ್ಲಿ ಹೆಂಡತಿ, ಪ್ರತಿಯೊಬ್ಬ ಮಗ, ಮಗಳು ಮತ್ತು ಅವನ ತಾಯಿ, ಎಲ್ಲರಿಗೂ ಸಮಪಾಲು. ಆದ್ದರಿಂದ ಹೆಂಡತಿ ಒಬ್ಬಳೇ ಸಹಿ ಹಾಕಿ ಎಲ್ಲರ ಹಕ್ಕನ್ನೂ ಬಿಟ್ಟುಕೊಡಲು ಆಗುವುದಿಲ್ಲ.

ಎರಡನೆಯದು ಕಲಂ 37. ಇದು ಬಹಳ ಮಂದಿಗೆ ಗೊತ್ತೇ ಇಲ್ಲ. ಒಬ್ಬ ಪಾಲುದಾರ ತೀರಿಕೊಂಡ ಮೇಲೆ ಅಥವಾ ಬಿಟ್ಟ ಮೇಲೆ ಉಳಿದವರು ಅಂತಿಮ ಲೆಕ್ಕ ಮಾಡದೆ ಅದೇ ಆಸ್ತಿ ಬಳಸಿಕೊಂಡು ವ್ಯವಹಾರ ಮುಂದುವರಿಸಿದರೆ, ಲೆಕ್ಕ ಚುಕ್ತಾ ಆಗುವವರೆಗೆ ಆ ಪಾಲಿನಿಂದ ಹುಟ್ಟಿದ ಲಾಭವನ್ನು ಕೇಳಬಹುದು. ಅದು ಬೇಡವಾದರೆ ಪಾಲಿನ ಬೆಲೆಗೆ ವರ್ಷಕ್ಕೆ ಶೇ. 6ರಂತೆ ಬಡ್ಡಿ ಕೇಳಬಹುದು. ಯಾವುದು ಬೇಕು ಅಂತ ಆರಿಸುವ ಹಕ್ಕು ಹೊರಬಂದವರದ್ದು, ಒಳಗೆ ಉಳಿದವರದ್ದಲ್ಲ. ಪಾಲಿನ ಬೆಲೆ 8 ಲಕ್ಷ ಅಂತ ಇಟ್ಟುಕೊಳ್ಳಿ. ಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ 48 ಸಾವಿರ. ಬಂಗುಡೆ, ಬೂತಾಯಿ ಚೆನ್ನಾಗಿ ಬಿದ್ದ ವರ್ಷವಾದರೆ ಲಾಭದ ಪಾಲು ಇದಕ್ಕಿಂತ ಜಾಸ್ತಿಯೇ ಇದ್ದೀತು. ಮೀನೇ ಇಲ್ಲದ ವರ್ಷವಾದರೆ ಬಡ್ಡಿಯೇ ವಾಸಿ. ಪತ್ರದಲ್ಲಿ ಪಾಲು ಕೊಂಡುಕೊಳ್ಳುವ ಬಗ್ಗೆ ಬೇರೆ ಷರತ್ತಿದ್ದರೆ ಅದನ್ನೂ ನೋಡಬೇಕು.

ಮೂರನೆಯದು ಹಂಚುವ ಕ್ರಮ. ಸಂಸ್ಥೆ ಮುಚ್ಚಿದಾಗ ಮೊದಲು ಹೊರಗಿನ ಸಾಲ ತೀರಬೇಕು. ಆಮೇಲೆ ಪಾಲುದಾರರು ಸಂಸ್ಥೆಗೆ ಕೊಟ್ಟ ಸಾಲ. ಆಮೇಲೆ ಬಂಡವಾಳ. ಉಳಿದರೆ ಲಾಭದ ಹಂಚಿಕೆ (ಕಲಂ 48). ನಿಮ್ಮ ಚಿನ್ನ ಪುಸ್ತಕದಲ್ಲಿ ಎಲ್ಲಿ ಕೂತಿದೆ ಅನ್ನುವುದು ಇಲ್ಲಿ ಮುಖ್ಯವಾಗುತ್ತದೆ. ಗಂಡನ ಬಂಡವಾಳ ಅಂತ ಬರೆದಿದ್ದರೆ ಅದು ಕೊನೆಯ ಸಾಲಿನಲ್ಲಿ ನಿಂತು ಕಾಯಬೇಕು. ನಿಮ್ಮ ಹೆಸರಿನಲ್ಲಿ ಸಂಸ್ಥೆಗೆ ಕೊಟ್ಟ ಸಾಲ ಅಂತ ಬರೆದಿದ್ದರೆ ನೀವು ಹೊರಗಿನ ಸಾಲಗಾರರ ಜತೆ ಮುಂದಿನ ಸಾಲಿನಲ್ಲೇ ನಿಲ್ಲುತ್ತೀರಿ. ಕೊಡುವ ದಿನವೇ ಒಂದು ಚೀಟಿ ಬರೆಸಿಕೊಂಡರೆ ಇಷ್ಟು ವ್ಯತ್ಯಾಸ!

ಹಕ್ಕು ಬಿಟ್ಟಿರಿ, ಹೊಣೆ?

ಈಗ ಆ ಅಕ್ಕನ ಕಾಗದಕ್ಕೆ ಬನ್ನಿ. ಎಲ್ಲರೂ ಎರಡು ಲಕ್ಷ ಸಾಕಾ ಸಾಲದಾ ಅಂತ ಚರ್ಚೆ ಮಾಡಿದ್ದರು. ನನಗೆ ಗಾಬರಿಯಾಗಿದ್ದು ಅದರಲ್ಲಿ ಇಲ್ಲದ ಒಂದು ಸಾಲಿಗೆ. ಹಕ್ಕು ಬಿಟ್ಟೆ ಅಂತ ಇತ್ತು. ಹೊಣೆ ಬಿಟ್ಟಿತು ಅಂತ ಎಲ್ಲೂ ಇರಲಿಲ್ಲ. ಅಂದರೆ ಬೋಟು ಅವರದ್ದು, ಬ್ಯಾಂಕಿನ ಜಾಮೀನು ಇವರದ್ದು!

ಪಾಲುದಾರಿಕೆಯಿಂದ ಹೊರಬರುವುದಕ್ಕೆ ಎರಡು ಬಾಗಿಲು. ಒಂದು, ನಮಗೆ ಬರಬೇಕಾದದ್ದು ಬರುವುದು. ಇನ್ನೊಂದು, ನಾವು ಸಾಲದಿಂದ ಬಿಡುಗಡೆಯಾಗುವುದು. ನಾವು ಮೊದಲನೆಯದನ್ನು ಮಾತ್ರ ನೋಡಿ ಬರುತ್ತೇವೆ, ಎರಡನೆಯ ಬಾಗಿಲಲ್ಲಿ ಸೆರಗು ಸಿಕ್ಕಿಹಾಕಿಕೊಂಡದ್ದು ಗೊತ್ತಾಗುವುದೇ ಇಲ್ಲ.

ಬದುಕಿರುವಾಗಲೇ ನಿವೃತ್ತನಾಗುವ ಪಾಲುದಾರ ಹಿಂದಿನ ಸಾಲದಿಂದ ಬಿಡುಗಡೆಯಾಗಬೇಕಾದರೆ ಸಾಲ ಕೊಟ್ಟವರೂ ಒಪ್ಪಬೇಕು. ಪಾಲುದಾರರು ತಮ್ಮತಮ್ಮಲ್ಲೇ ‘ಇನ್ನು ನಿನಗೆ ಸಂಬಂಧ ಇಲ್ಲ’ ಅಂದುಕೊಂಡರೆ ಬ್ಯಾಂಕು ಕೇಳುವುದಿಲ್ಲ. ಇನ್ನು ಬಿಟ್ಟ ಮೇಲೆ ಉಳಿದವರು ಮಾಡುವ ಸಾಲ? ಬಿಟ್ಟದ್ದನ್ನು ಸಾರ್ವಜನಿಕವಾಗಿ ತಿಳಿಸುವವರೆಗೆ, ಇವನು ಪಾಲುದಾರ ಅಂತ ಗೊತ್ತಿದ್ದು ವ್ಯವಹಾರ ಮಾಡಿದವರಿಗೆ ಆ ಹೊಣೆಯೂ ತಪ್ಪುವುದಿಲ್ಲ (ಕಲಂ 32). ತಿಳಿಸುವುದು ಅಂದರೆ ದಕ್ಕೆಯಲ್ಲಿ ನಾಲ್ಕು ಮಂದಿಗೆ ಹೇಳುವುದಲ್ಲ. ನೋಂದಣಿಯಾದ ಸಂಸ್ಥೆಯಾದರೆ ಫರ್ಮುಗಳ ರಿಜಿಸ್ಟ್ರಾರರಿಗೆ ನೋಟೀಸು, ರಾಜ್ಯಪತ್ರದಲ್ಲಿ ಪ್ರಕಟಣೆ, ಆ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ, ಈ ಮೂರೂ ಆಗಬೇಕು. ಜಿಎಸ್‌ಟಿ ಇದ್ದರೆ ಒಂದು ತಿಂಗಳೊಳಗೆ ಆ ಇಲಾಖೆಗೂ ಬರೆದು ತಿಳಿಸಬೇಕು.

ಸತ್ತವರ ವಿಷಯದಲ್ಲಿ ಕಾನೂನು ಸ್ವಲ್ಪ ಕರುಣೆ ತೋರಿಸಿದೆ. ಸಾವಿಗೆ ಪ್ರಕಟಣೆ ಬೇಡ. ತೀರಿಕೊಂಡ ನಂತರ ಉಳಿದವರು ಮಾಡಿದ ಸಾಲಕ್ಕೆ ಅವರ ಆಸ್ತಿ ಹೊಣೆಯಲ್ಲ. ಅದಕ್ಕಿಂತ ಹಿಂದಿನ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯನ್ನು ಹಿಡಿಯಬಹುದೇ ಹೊರತು ಹೆಂಡತಿಯ ಸ್ವಂತ ದುಡಿಮೆಯನ್ನಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ ಇದನ್ನು ಮತ್ತೊಮ್ಮೆ ಹೇಳಿತು. ಸಂಸ್ಥೆಯಲ್ಲಿ ದುಡ್ಡು ಇಟ್ಟವರೊಬ್ಬರು ತೀರಿಕೊಂಡ ಪಾಲುದಾರನ ಮನೆಯವರಿಂದ ಅದನ್ನು ಕೇಳಿದ್ದರು. ವಾರಸುದಾರರು ಅನ್ನುವ ಒಂದೇ ಕಾರಣಕ್ಕೆ ಸಂಸ್ಥೆಯ ಸಾಲ ಅವರ ತಲೆಗೆ ಬರುವುದಿಲ್ಲ ಅಂತ ನ್ಯಾಯಾಲಯ ಹೇಳಿತು.

ಆದರೆ ಜಾಮೀನಿನ ಸಹಿ ಬೇರೆಯೇ ಕತೆ. ಅಲ್ಲಿ ನೀವು ವಾರಸುದಾರಳಾಗಿ ಅಲ್ಲ, ನೀವಾಗಿಯೇ ಮಾತು ಕೊಟ್ಟಿದ್ದೀರಿ. ಸಂಸ್ಥೆಯ ವ್ಯವಹಾರಕ್ಕೆ ಕೊಟ್ಟ ಮುಂದುವರಿಯುವ ಜಾಮೀನು, ಪಾಲುದಾರರು ಬದಲಾದ ದಿನದಿಂದ ಮುಂದಿನ ವ್ಯವಹಾರಗಳಿಗೆ ರದ್ದು ಅಂತ ಕಲಂ 38 ಹೇಳುತ್ತದೆ ನಿಜ. ಆದರೆ ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಅನ್ನುವ ಮಾತೂ ಅದರಲ್ಲೇ ಉಂಟು. ಬ್ಯಾಂಕಿನ ಸಣ್ಣಕ್ಷರದ ಫಾರಂನಲ್ಲಿ ಆ ಬೇರೆ ಒಪ್ಪಂದ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಿಂದಿನ ಸಾಲಕ್ಕಂತೂ ಜಾಮೀನು ನಿಂತೇ ಇರುತ್ತದೆ. ಅದಕ್ಕೇ ಬ್ಯಾಂಕಿನಿಂದ ‘ನಿಮ್ಮನ್ನು ಜಾಮೀನಿನಿಂದ ಬಿಡುಗಡೆ ಮಾಡಿದೆ’ ಅಂತ ಬರಹದಲ್ಲಿ ಬರುವವರೆಗೆ ಹಕ್ಕು ಬಿಡುವ ಕಾಗದಕ್ಕೆ ಸಹಿ ಬೇಡ.

ಹೆಸರಿಗೆ ಮಾತ್ರ ಪಾಲುದಾರಳು

‘ನನ್ನ ಹೆಸರು ಸುಮ್ಮನೆ ಹಾಕಿದ್ದು’ ಅನ್ನುವ ಹೆಂಗಸರೂ ಬರುತ್ತಾರೆ. ಕಾನೂನಿನಲ್ಲಿ ಸುಮ್ಮನೆ ಅನ್ನುವ ಪಾಲುದಾರಳು ಇಲ್ಲ. ಹೆಸರಿದ್ದರೆ ಸಂಸ್ಥೆಯ ಪೂರ್ತಿ ಸಾಲಕ್ಕೂ ನೀವು ಹೊಣೆ. ಸಾಲ ಕೊಟ್ಟವನು ನಾಲ್ವರನ್ನು ಬಿಟ್ಟು ನಿಮ್ಮೊಬ್ಬರ ಮೇಲೆ ದಾವೆ ಹಾಕಬಹುದು. ಹೊಣೆ ಅಷ್ಟಿರುವಾಗ ಹಕ್ಕೂ ಅಷ್ಟೇ ಇದೆ: ಪುಸ್ತಕ ನೋಡುವ, ನಕಲು ತೆಗೆಯುವ ಹಕ್ಕು ಪ್ರತಿಯೊಬ್ಬ ಪಾಲುದಾರರಿಗೂ ಉಂಟು. ಹೆಸರು ಹಾಕಿದವರು ಗಂಡನೇ ಆಗಲಿ, ಅಣ್ಣನೇ ಆಗಲಿ, ವರ್ಷಕ್ಕೊಮ್ಮೆ ಪುಸ್ತಕ ಕೇಳಿ.

ಮಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಅವನನ್ನು ಲಾಭದ ಮಟ್ಟಿಗೆ ಸೇರಿಸಿಕೊಳ್ಳಬಹುದು, ಅದೂ ಎಲ್ಲರೂ ಒಪ್ಪಿದರೆ. ಹದಿನೆಂಟು ತುಂಬಿದ ಮೇಲೆ ಆರು ತಿಂಗಳೊಳಗೆ ‘ನನಗೆ ಬೇಡ’ ಅಂತ ಅವನು ಪ್ರಕಟಣೆ ಕೊಡದಿದ್ದರೆ ಪೂರ್ತಿ ಪಾಲುದಾರನಾಗುತ್ತಾನೆ. ಸಾಲವೂ ಅವನ ಹೆಗಲಿಗೆ ಬರುತ್ತದೆ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಡಬೇಕಾದವರು ತಾಯಂದಿರು.

ನೀವಿಬ್ಬರು ಗೆಳತಿಯರು ಸೇರಿ ಹಪ್ಪಳ, ಒಣಮೀನಿನ ಚಟ್ನಿ, ಟೈಲರಿಂಗ್ ಅಂತ ಶುರುಮಾಡಿದ್ದರೆ ನಿಮಗೂ ಇದೇ ಕಾಯ್ದೆ. ಬಿಟ್ಟು ಹೋದವಳು ಅದೇ ವ್ಯಾಪಾರ ಮಾಡಬಹುದು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಹಳೆಯ ಹೆಸರು ಬಳಸುವ ಹಾಗಿಲ್ಲ, ಹಳೆಯ ಗಿರಾಕಿಗಳನ್ನು ಕರೆಯುವ ಹಾಗಿಲ್ಲ (ಕಲಂ 36). ಹೆಸರು ಯಾರದ್ದು ಅಂತ ಮೊದಲೇ ಬರೆದಿಟ್ಟರೆ ಗೆಳೆತನ ಉಳಿಯುತ್ತದೆ.

ಬಾಯಿಮಾತಿನ ಬೋಟು

ಬೋಟಿನಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ನಾಲ್ವರ ದುಡ್ಡು, ಆದರೆ ನೋಂದಣಿ ಒಬ್ಬರ ಹೆಸರಿನಲ್ಲಿ. ಸಂಸ್ಥೆಯ ದುಡ್ಡಿನಲ್ಲಿ ಕೊಂಡದ್ದು ಸಂಸ್ಥೆಯದ್ದೇ ಅಂತ ಕಾಯ್ದೆ ಹೇಳುತ್ತದೆ. ಆದರೆ ದುಡ್ಡು ಹೋದದ್ದಕ್ಕೆ ಪುರಾವೆ ಬೇಕಲ್ಲ? ಜಂಟಿ ಆಸ್ತಿಯ ಆದಾಯ ಹಂಚಿಕೊಂಡ ಮಾತ್ರಕ್ಕೆ ಪಾಲುದಾರಿಕೆ ಆಗುವುದಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಅಜ್ಜಂದಿರ ಕಾಲದ ರಂಪಣಿಯಲ್ಲಿ ಬಲೆ ಎಳೆದವರೆಲ್ಲ ದಡದಲ್ಲೇ ಇರುತ್ತಿದ್ದರು, ಮೀನು ಕಣ್ಣೆದುರೇ ಪಾಲಾಗುತ್ತಿತ್ತು. ಬಾಯಿಮಾತು ಸಾಕಿತ್ತು. ಈಗ ಬೋಟಿನ ಹಿಂದೆ ಬ್ಯಾಂಕು, ಡೀಸೆಲ್, ವಿಮೆ, ಲಕ್ಷಗಟ್ಟಲೆಯ ಬಲೆ ಇದೆ. ಬಾಯಿಮಾತು ಅಷ್ಟು ಭಾರ ಹೊರುವುದಿಲ್ಲ.

ಸಂಸ್ಥೆಯ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದಿದ್ದರೆ ಒಪ್ಪಂದದ ಹಕ್ಕಿಗಾಗಿ ಪಾಲುದಾರರು ಒಬ್ಬರ ಮೇಲೊಬ್ಬರು ದಾವೆ ಹಾಕಲು ಆಗುವುದಿಲ್ಲ (ಕಲಂ 69). ಸಂಸ್ಥೆಯನ್ನು ವಿಸರ್ಜಿಸಿ, ವಿಸರ್ಜಿಸಿದ ಸಂಸ್ಥೆಯ ಲೆಕ್ಕ ಕೊಡಿಸಿ ಅಂತ ಮಾತ್ರ ಕೇಳಬಹುದು. ಅದಕ್ಕೂ ವಿಸರ್ಜನೆಯಾದ ದಿನದಿಂದ ಮೂರು ವರ್ಷದ ಗಡುವು. ‘ವರ್ಷಾಂತಿಕ ಆಗಲಿ, ಮಗಳ ಮದುವೆ ಆಗಲಿ’ ಅಂತ ಕಾದವರ ಗಡುವು ಕಾಯುವುದಿಲ್ಲ.

ಸಮುದ್ರ ನೋಟೀಸು ಕೊಟ್ಟು ಕರೆಯುವುದಿಲ್ಲ ಅಂತ ಮಲ್ಪೆಯವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಸಮುದ್ರದಲ್ಲಿ ಪತ್ತೆಯಾಗಿದ್ದು 2019ರ ಮೇ ತಿಂಗಳಲ್ಲಿ. ಸಾವಿಗೆ ಬೇರೆ ಪುರಾವೆ ಇಲ್ಲದಿದ್ದರೆ, ಕಾಣೆಯಾದವರ ಸುದ್ದಿ ಏಳು ವರ್ಷ ಬಾರದ ಮೇಲಷ್ಟೇ ಕಾನೂನು ಅವರನ್ನು ಇಲ್ಲವೆಂದು ಭಾವಿಸುತ್ತದೆ. ಪಾಲುದಾರನೊಬ್ಬ ಕಾಣೆಯಾದರೆ ಮನೆಯವರಿಗೆ ಲಾಭದ ಪಾಲು ಹೇಗೆ ಹೋಗಬೇಕು ಅಂತ ಒಂದು ಸಾಲು ಪತ್ರದಲ್ಲಿ ಬರೆದಿಡಲು ಇದಕ್ಕಿಂತ ಕಾರಣ ಬೇಕೇ?

ಕೊನೆಗೆ ಏನಾಯಿತು?

ಆ ಅಕ್ಕ ಸಹಿ ಹಾಕಲಿಲ್ಲ. ಜಗಳವನ್ನೂ ಮಾಡಲಿಲ್ಲ. ಮರುದಿನ ಬಂದವರಿಗೆ ಚಹಾ ಕೊಟ್ಟು, ‘ಲೆಕ್ಕ ನೋಡಿ ಸಹಿ ಹಾಕ್ತೇನೆ ಅಣ್ಣ, ಮಕ್ಕಳಿಗೆ ನಾಳೆ ಉತ್ತರ ಹೇಳ್ಬೇಕಲ್ಲ’ ಅಂದರು. ಹಿರಿಯ ಪಾಲುದಾರರಿಗೆ ಮೊದಲು ಮುಖ ಸಣ್ಣದಾಯಿತಂತೆ. ಮೂರನೇ ದಿನ ಪುಸ್ತಕ ಬಂತು.

ಬೋಟು, ಬಲೆ, ಇಂಜಿನ್ ಸೇರಿ ಬೆಲೆ 60 ಲಕ್ಷ ಅಂತಾಯಿತು. ಬ್ಯಾಂಕು, ಡೀಸೆಲ್, ಐಸಿನ ಬಾಕಿ 28 ಲಕ್ಷ. ಉಳಿದ 32 ಲಕ್ಷದಲ್ಲಿ ಕಾಲು ಪಾಲು 8 ಲಕ್ಷ. ಆದರೆ ಅವರ ಯಜಮಾನರು ಮನೆ ರಿಪೇರಿಗೆಂದು ಎರಡೂವರೆ ಲಕ್ಷ ಮುಂಗಡ ತೆಗೆದಿದ್ದರು. ಅದು ಹೆಂಡತಿಗೆ ಗೊತ್ತೇ ಇರಲಿಲ್ಲ. ಕಳೆದರೆ ಉಳಿದದ್ದು ಐದೂವರೆ ಲಕ್ಷ. ಅವರು ಆಸೆಪಟ್ಟಷ್ಟಲ್ಲ, ಕಾಗದದಲ್ಲಿ ಬರೆದಷ್ಟು ಕಡಿಮೆಯೂ ಅಲ್ಲ. ಸಾವಿನ ನಂತರ ಬೋಟು ಕಡಲಿಗೆ ಹೋದ ತಿಂಗಳುಗಳ ಲಾಭದ ಪಾಲು ಬೇರೆ ಸೇರಿತು. ಮೂರು ಕಂತು. ಉಳಿದ ಮೂವರು ಬ್ಯಾಂಕಿಗೆ ಹೊಸ ಜಾಮೀನು ಕೊಟ್ಟು ಇವರ ಬಿಡುಗಡೆ ಪತ್ರ ತಂದುಕೊಟ್ಟರು. ಆ ಮೂವರು ಕಳ್ಳರಾಗಿರಲಿಲ್ಲ. ಅವರೂ ಲೆಕ್ಕ ಮಾಡದೆ ಅಂದಾಜಿನಲ್ಲಿ ಒಂದು ಸಂಖ್ಯೆ ಹೇಳಿದ್ದರು, ಅಷ್ಟೇ. ಲೆಕ್ಕ ಕೇಳಿದ್ದರಿಂದ ಅವರ ಮೇಲಿನ ಸಂಶಯವೂ ಹೋಯಿತು.

ಎಲ್ಲರಿಗೂ ಹೀಗೇ ಸಲೀಸಾಗುತ್ತದೆ ಅಂತ ನಾನು ಹೇಳಲಾರೆ. ಪುಸ್ತಕ ಕೊಡದವರೂ ಇರುತ್ತಾರೆ. ಆಗ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪಾಲುದಾರಿಕೆಯ ವ್ಯಾಜ್ಯ ಮೂರು ಲಕ್ಷಕ್ಕಿಂತ ಕಡಿಮೆಯದ್ದಲ್ಲದಿದ್ದರೆ, ತುರ್ತು ತಡೆಯಾಜ್ಞೆ ಬೇಕಾದ ಸಂದರ್ಭ ಬಿಟ್ಟು, ಕೋರ್ಟಿಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಅದು ಒಳ್ಳೆಯದೇ. ಎದುರುಬದುರು ಕೂತರೆ ಅರ್ಧ ಲೆಕ್ಕ ಅಲ್ಲೇ ಬಗೆಹರಿಯುತ್ತದೆ.

ಸಹಿ ಹಾಕುವ ಮುನ್ನ

* ಪಾಲುದಾರಿಕೆ ಪತ್ರದ ನಕಲು ಮನೆಯಲ್ಲಿರಲಿ. ನೋಂದಣಿಯಾಗಿದ್ದರೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.
* ಪತ್ರದಲ್ಲಿ ಮೂರು ಸಾಲು ಹುಡುಕಿ: ಬಿಟ್ಟರೆ ಹೇಗೆ, ಸತ್ತರೆ ಹೇಗೆ, ಬೆಲೆ ಕಟ್ಟುವವರು ಯಾರು. ಇಲ್ಲದಿದ್ದರೆ ಸೇರಿಸಿಸಿ.
* ಚಿನ್ನ, ದುಡ್ಡು ಕೊಟ್ಟರೆ ಯಾರ ಹೆಸರಿನಲ್ಲಿ, ಸಾಲವೋ ಬಂಡವಾಳವೋ ಅಂತ ಬರೆಸಿ.
* ಎಲ್ಲೆಲ್ಲಿ ಜಾಮೀನು ಹಾಕಿದ್ದೀರಿ ಅಂತ ಒಂದು ಪಟ್ಟಿ ಇಡಿ.
* ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ, ‘ನಾಳೆಯೇ ಬೇಕು’ ಅನ್ನುವ ಕಾಗದಕ್ಕೆ ಸಹಿ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬೋಟು ದಡ ಸೇರಿರುತ್ತದೆ, ಬಲೆಗೆ ಹೊಲಿಗೆ ಬೀಳುತ್ತಿರುತ್ತದೆ, ಗಂಡಸರು ಮನೆಯಲ್ಲಿರುತ್ತಾರೆ. ಬಲೆಯ ತೂತು ನೋಡುವ ಆ ದಿನಗಳಲ್ಲೇ ಪತ್ರದ ತೂತೂ ನೋಡಿ. ಈ ಸಲ ಪಾಲುದಾರರು ಲೆಕ್ಕಕ್ಕೆ ಕೂತಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ನಿಮ್ಮ ಲೋಟವನ್ನೂ ತಂದು ಅಲ್ಲೇ ಕೂತುಕೊಳ್ಳಿ.